ಆದಾಯ ಏರಿದ್ದು ಊರಿಗೋ, ಊರಿನವರಿಗೋ?

2000ನೇ ಇಸವಿಯ ಅಮೆರಿಕದ ಜನಗಣತಿಯಲ್ಲಿ ವಿಲ್ಲಿಸ್ಟನ್ ಎಂಬ ಊರಿನ ಜನಸಂಖ್ಯೆ 12,512. ಅಲ್ಲಿನ ನಡುಮಟ್ಟದ ಒಂದು ಮನೆಯ ವರ್ಷದ ಆದಾಯ ಸುಮಾರು 30 ಸಾವಿರ ಡಾಲರ್. ಇಪ್ಪತ್ತು ವರ್ಷ ಬಿಟ್ಟು 2020ರಲ್ಲಿ ಎಣಿಸಿದಾಗ ಅದೇ ಊರಿನಲ್ಲಿ 29,160 ಜನ ಇದ್ದರು. ಆ ಊರು ಸೇರಿರುವ ವಿಲಿಯಮ್ಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ನಡುಮಟ್ಟದ ಮನೆಯ ಆದಾಯ ಅಷ್ಟರಲ್ಲಿ 80 ಸಾವಿರ ಡಾಲರ್ ದಾಟಿತ್ತು.

ಇಷ್ಟನ್ನೇ ಓದಿದರೆ ಏನನಿಸುತ್ತದೆ? ಅಲ್ಲಿನ ಜನರ ಕೈತುಂಬ ದುಡ್ಡು ಬಂತು, ಎಲ್ಲರೂ ಚೆನ್ನಾಗಿದ್ದಾರೆ, ಅಲ್ವಾ? ಕೆಲವರಿಗೆ ನಿಜವಾಗಿಯೂ ಬಂತು. ಆದರೆ ಅದೇ ಊರಿನಲ್ಲಿ ನಲವತ್ತು ವರ್ಷ ಬಾಳಿದ ಎಷ್ಟೋ ಹಿರಿಯರು ಬಾಡಿಗೆ ಕಟ್ಟಲಾಗದೆ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಎರಡೂ ಒಟ್ಟಿಗೇ ನಡೆದವು. ಹಾಗೆ ಹೊರಟವರಿಂದಲೂ ಊರಿನ ಆದಾಯದ ಅಂಕಿ ಏರಿತು ಎಂಬುದು ಇಲ್ಲಿ ಬಿಡಿಸಿ ಹೇಳಬೇಕಾದ ವಿಷಯ.

ಊರು ಎಲ್ಲಿದೆ ಎಂದು ಮೊದಲು ನೋಡೋಣ. ನಾರ್ತ್ ಡಕೋಟಾ ರಾಜ್ಯದ ವಾಯವ್ಯ ಮೂಲೆ, ಮಿಸೌರಿ ನದಿಯ ಪಕ್ಕ, ಮೊಂಟಾನಾ ಗಡಿಗೆ ಹತ್ತಿರ. ಸುತ್ತ ಗೋಧಿ ಹೊಲ, ಹುಲ್ಲುಗಾವಲು. ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದೂ ಉಂಟು. ನಾರ್ವೆ, ಜರ್ಮನಿ ಕಡೆಯಿಂದ ಬಂದ ರೈತರ ಮಕ್ಕಳು, ಮೊಮ್ಮಕ್ಕಳು ಇದ್ದ ಸೀಮೆ. ಓದಿದ ಹುಡುಗರು ಊರು ಬಿಡುವುದು ಅಲ್ಲಿ ಮಾಮೂಲಿಯಾಗಿತ್ತು. ಇಡೀ ರಾಜ್ಯದ ಜನಸಂಖ್ಯೆ 1930ರಲ್ಲಿ 6,80,845 ಇತ್ತು, 2010ರಲ್ಲಿ 6,72,591. ಎಂಬತ್ತು ವರ್ಷ ಕಳೆದರೂ ಜನ ಹೆಚ್ಚುವ ಬದಲು ಕಡಿಮೆಯಾಗಿದ್ದರು. ವಿಲಿಯಮ್ಸ್ ಕೌಂಟಿಯಲ್ಲಿ 1980ರಲ್ಲಿ 22 ಸಾವಿರ ದಾಟಿದ್ದವರು 2000ದ ಹೊತ್ತಿಗೆ 19,761ಕ್ಕೆ ಇಳಿದಿದ್ದರು.

ಆದಾಯದ ಅಂಕಿ ಏರಿಸಿದ್ದು ನೆಲದಡಿಯ ಕಚ್ಚಾ ಎಣ್ಣೆ. ಅದು ಅಲ್ಲಿಗೆ ಹೊಸದೇನಲ್ಲ. ಹತ್ತಿರದ ಟಿಯೋಗಾ ಬಳಿ 1951ರಲ್ಲೇ ಒಬ್ಬ ರೈತರ ಹೊಲದಲ್ಲಿ ಎಣ್ಣೆ ಸಿಕ್ಕಿತ್ತು. ಆಗ ಒಂದು ಸಲ ಊರು ಉಬ್ಬಿತು. 1970ರ ದಶಕದ ಕೊನೆಯಲ್ಲಿ ಇನ್ನೊಂದು ಸಲ. 1980ರ ದಶಕದಲ್ಲಿ ಬೆಲೆ ಬಿದ್ದಾಗ ಕಂಪನಿಗಳು ಹೊರಟುಹೋದವು. ಬರುವವರಿಗೆಂದು ಹೊಸ ಬಡಾವಣೆಗಳಿಗೆ ರಸ್ತೆ, ಚರಂಡಿ ಮಾಡಿಸಿದ್ದ ನಗರಸಭೆಗೆ ಖಾಲಿ ಸೈಟು ಮತ್ತು ಸಾಲ ಉಳಿದವು. ಆ ಸಾಲವನ್ನು ಊರಿನವರು ವರ್ಷಗಟ್ಟಲೆ ಹೊತ್ತರು. ಮೂರನೇ ಸಲ ಎಣ್ಣೆಯ ಸುದ್ದಿ ಬಂದಾಗ ಹಳಬರು ಬೇಗ ನಂಬದೆ ಇದ್ದುದಕ್ಕೆ ಕಾರಣ ಇದೇ. ನನ್ನ ಮಟ್ಟಿಗೆ ಅವರು ಅನುಮಾನಪಟ್ಟದ್ದು ಸರಿ.

ಮೂರನೇ ಸಲದ್ದು ಬಾಕನ್ ಎಂಬ ಬಂಡೆಯ ಪದರ. ನೆಲದಿಂದ ಸುಮಾರು ಮೂರು ಕಿಲೋಮೀಟರ್ ಕೆಳಗಿದೆ. ಎಣ್ಣೆ ಇರುವುದು ಮೊದಲೇ ಗೊತ್ತಿತ್ತು, ಆದರೆ ಬಂಡೆ ಎಷ್ಟು ಬಿಗಿ ಎಂದರೆ ಎಣ್ಣೆ ಹರಿದು ಬರುತ್ತಿರಲಿಲ್ಲ. ಕೆಳಗೆ ಹೋದ ಬಾವಿಯನ್ನು ಅಡ್ಡಕ್ಕೆ ತಿರುಗಿಸಿ ಮೈಲಿಗಟ್ಟಲೆ ಕೊರೆಯುವುದು, ಆಮೇಲೆ ನೀರು, ಮರಳು, ರಾಸಾಯನಿಕ ಸೇರಿಸಿ ಭಾರೀ ಒತ್ತಡದಲ್ಲಿ ನುಗ್ಗಿಸಿ ಬಂಡೆಯನ್ನು ಬಿರುಕು ಬಿಡಿಸುವುದು, ಈ ಎರಡನ್ನೂ ಜೋಡಿಸಿದ ಮೇಲೆ ಬಾಗಿಲು ತೆರೆಯಿತು. ಬಂಡೆಯನ್ನು ಹೀಗೆ ಬಿರುಕು ಬಿಡಿಸುವುದಕ್ಕೆ ಫ್ರಾಕಿಂಗ್ ಎನ್ನುತ್ತಾರೆ. ಆ ನೀರಿನಲ್ಲಿ ಮರಳು ತಳಕ್ಕೆ ಇಳಿಯದಂತೆ ಮಂದ ಮಾಡಲು ಬಳಸುವುದು ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದ ಅಂಟು. ಅದರಲ್ಲಿ ಬಹುಪಾಲು ಹೋಗುವುದು ಭಾರತದಿಂದ, ಅದರಲ್ಲೂ ರಾಜಸ್ಥಾನದಿಂದ. ಅಮೆರಿಕದಲ್ಲಿ ಕೊರೆತ ಜೋರಾದ ಕಾಲದಲ್ಲಿ ಇಲ್ಲಿ ಗೋರಿಬೀಜದ ಬೆಲೆ ಎಷ್ಟು ಹುಚ್ಚೆದ್ದು ಏರಿತೆಂದರೆ, 2012ರ ಮಾರ್ಚ್‌ನಲ್ಲಿ ಅದರ ವಾಯಿದಾ ವ್ಯಾಪಾರವನ್ನೇ (ಮುಂದೆ ಕೊಡುವ ಮಾಲಿಗೆ ಈಗಲೇ ಬೆಲೆ ಕಟ್ಟುವುದು) ನಿಲ್ಲಿಸಬೇಕಾಯಿತು.

2006ರಲ್ಲಿ ನಾರ್ತ್ ಡಕೋಟಾ ದಿನಕ್ಕೆ ಲಕ್ಷ ಬ್ಯಾರೆಲ್ ಆಸುಪಾಸು ಎಣ್ಣೆ ತೆಗೆಯುತ್ತಿತ್ತು. 2012ರಲ್ಲಿ ಅಲಾಸ್ಕಾವನ್ನು ಹಿಂದೆ ಹಾಕಿ ಟೆಕ್ಸಾಸ್ ನಂತರದ ಸ್ಥಾನಕ್ಕೆ ಬಂತು. 2014ರ ಏಪ್ರಿಲ್‌ನಲ್ಲಿ ದಿನಕ್ಕೆ 10 ಲಕ್ಷ ಬ್ಯಾರೆಲ್ ದಾಟಿತು. ಇದೇ ಹೊತ್ತಿಗೆ ಅಮೆರಿಕದ ಉಳಿದ ಕಡೆ ಕೆಲಸ ಇರಲಿಲ್ಲ. 2008ರ ಹಣಕಾಸು ಕುಸಿತದ ನಂತರ ದೇಶದ ನಿರುದ್ಯೋಗ 2009ರ ಅಕ್ಟೋಬರ್‌ನಲ್ಲಿ ನೂರಕ್ಕೆ 10 ಮುಟ್ಟಿತ್ತು. ಮನೆ ಸಾಲ ಕಟ್ಟಲಾಗದವರು, ಕಟ್ಟಡದ ಕೆಲಸ ಕಳೆದುಕೊಂಡವರು ಪಿಕಪ್ ಗಾಡಿಯಲ್ಲಿ, ರೈಲಿನಲ್ಲಿ ವಿಲ್ಲಿಸ್ಟನ್‌ಗೆ ಬಂದಿಳಿದರು. ಮನೆ ಸಿಗದವರು ದೊಡ್ಡ ಅಂಗಡಿಗಳ ಪಾರ್ಕಿಂಗ್‌ನಲ್ಲಿ ಗಾಡಿಯೊಳಗೇ ಮಲಗಿದರು.

ಈಗ ಅಂಕಿಯ ಕಡೆ ಬರೋಣ. ಆದಾಯದ ಸುದ್ದಿಯಲ್ಲಿ ಜಾಸ್ತಿ ಬಳಸುವುದು ಸರಾಸರಿಯನ್ನಲ್ಲ, ಮಧ್ಯಾಂಕವನ್ನು. ಊರಿನ ಎಲ್ಲ ಮನೆಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಮನೆಯ ಆದಾಯ ಅದು. ಒಬ್ಬ ಕೋಟ್ಯಧಿಪತಿ ಬಂದ ಮಾತ್ರಕ್ಕೆ ಅದು ಕೆಡುವುದಿಲ್ಲ, ಹಾಗಾಗಿ ಒಳ್ಳೆಯ ಅಳತೆ ಎನ್ನುತ್ತಾರೆ. ಆದರೆ ಅದಕ್ಕೂ ಒಂದು ಕುರುಡು ಇದೆ.

ಸುಮ್ನೆ ಲೆಕ್ಕಕ್ಕೆ ಒಂದು ಪುಟ್ಟ ಬೀದಿ ಇಟ್ಟುಕೊಳ್ಳೋಣ. ಐದು ಮನೆ. ವರ್ಷದ ಆದಾಯ ಸಾವಿರ ಡಾಲರ್‌ಗಳಲ್ಲಿ 20, 28, 30, 45, 70. ನಡುವಿನ ಮನೆಯದು 30. ಈಗ ಎಣ್ಣೆ ಕೆಲಸದ ಮೂರು ಮನೆಯವರು ಬಂದರು, ಅವರ ಆದಾಯ 90, 95, 110. ಬಾಡಿಗೆ ಏರಿದ್ದರಿಂದ 20 ಸಾವಿರದ ಮನೆಯವರು ಬೇರೆ ಊರಿಗೆ ಹೋದರು. ಉಳಿದದ್ದು 28, 30, 45, 70, 90, 95, 110. ಈಗ ನಡುವಿನ ಮನೆಯದು 70. ಮಧ್ಯಾಂಕ 30ರಿಂದ 70ಕ್ಕೆ ಹಾರಿತು. ಹಳೆಯ ನಾಲ್ಕು ಮನೆಗಳಲ್ಲಿ ಒಂದಕ್ಕೂ ಒಂದು ಡಾಲರ್ ಹೆಚ್ಚು ಬಂದಿಲ್ಲ. ಐದನೆಯವರು ಊರಲ್ಲೇ ಇಲ್ಲ. ವರದಿಯಲ್ಲಿ ಮಾತ್ರ ಆದಾಯ ದುಪ್ಪಟ್ಟಿಗಿಂತ ಹೆಚ್ಚಾಯಿತು ಎಂದು ಬರುತ್ತದೆ.

ದೊಡ್ಡ ನಗರದಲ್ಲಿ ಕೆಲವು ಸಾವಿರ ಜನ ಬಂದು ಹೋದರೂ ಅಂಕಿ ಅಲುಗಾಡುವುದಿಲ್ಲ. ಹನ್ನೆರಡು ಸಾವಿರದ ಊರಿಗೆ ಹದಿನೈದು ಸಾವಿರ ಹೊಸಬರು ಬಂದರೆ, ಹಳೆಯ ಊರಿನ ಅಂಕಿ, ಹೊಸ ಊರಿನ ಅಂಕಿ ಎಂದು ಹೋಲಿಸುವುದೇ ಕಷ್ಟ. ಹೆಸರು ಒಂದೇ, ಜನ ಬೇರೆ. ನಿಜ, ವಿಲ್ಲಿಸ್ಟನ್‌ನಲ್ಲಿ ಹಳಬರ ಸಂಬಳವೂ ಏರಿತು. ದೇಶದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್ ಇದ್ದಾಗ ಅಲ್ಲಿ ಬರ್ಗರ್ ಅಂಗಡಿಯವರೇ 15 ಡಾಲರ್ ಕೊಡುತ್ತೇವೆ ಎಂದು ಬೋರ್ಡು ಹಾಕುವಂತಾಗಿತ್ತು. ಆದರೆ ಏರಿಕೆಯಲ್ಲಿ ಎಷ್ಟು ಪಾಲು ಸಂಬಳದ್ದು, ಎಷ್ಟು ಪಾಲು ಜನ ಬದಲಾದದ್ದು ಎಂದು ಒಂಟಿ ಮಧ್ಯಾಂಕ ಎಂದೂ ಹೇಳುವುದಿಲ್ಲ. ಜೊತೆಗೆ ಹಣದುಬ್ಬರವನ್ನೂ ಕಳೆಯಬೇಕು. 2000ದ ಗಣತಿಯ 30 ಸಾವಿರ ಡಾಲರ್ 2019ರ ಬೆಲೆಯಲ್ಲಿ ಸುಮಾರು 45 ಸಾವಿರಕ್ಕೆ ಸಮ. ಅಂದರೆ 80ಕ್ಕೆ ಹೋಲಿಸಬೇಕಾದದ್ದು 45ನ್ನು, 30ನ್ನಲ್ಲ.

ಇನ್ನೊಂದು ವಿಚಿತ್ರ ಇದೆ. ಅಮೆರಿಕದ ಗಣತಿಯವರು ಮನೆಯ ಆದಾಯ ಎಂದು ಲೆಕ್ಕ ಹಾಕುವಾಗ ಒಂದೇ ಸೂರಿನಡಿ ಇರುವ, ಹದಿನೈದು ವರ್ಷ ತುಂಬಿದ ಎಲ್ಲರ ಆದಾಯ ಕೂಡಿಸುತ್ತಾರೆ. ಅವರು ಸಂಬಂಧಿಕರೇ ಆಗಬೇಕೆಂದಿಲ್ಲ. ಮನೆ ಸಿಗದೆ ನಾಲ್ವರು ಟ್ರಕ್ ಡ್ರೈವರ್‌ಗಳು ಒಂದು ಬಾಡಿಗೆ ಮನೆಯಲ್ಲಿ ಒತ್ತಿಕೊಂಡು ಇದ್ದಾರೆ ಎನ್ನಿ. ತಲಾ 80 ಸಾವಿರ ದುಡಿದರೆ ಆ ಮನೆಯ ಆದಾಯ 3 ಲಕ್ಷ 20 ಸಾವಿರ ಡಾಲರ್. ಕಾಗದದ ಮೇಲೆ ಅದು ಊರಿನ ಶ್ರೀಮಂತ ಮನೆಗಳಲ್ಲಿ ಒಂದು. ಒಳಗೆ ಹೋಗಿ ನೋಡಿದರೆ ಹಾಲ್‌ನಲ್ಲಿ ಹಾಸಿಗೆ, ಬಾತ್‌ರೂಮಿಗೆ ಸರದಿ. ಮನೆಗಳ ಬರವೇ ಮನೆವಾರು ಆದಾಯವನ್ನು ಏರಿಸಿ ತೋರಿಸುತ್ತದೆ.

ಮ್ಯಾನ್ ಕ್ಯಾಂಪ್‌ಗಳ ಕತೆ ಇದಕ್ಕೆ ತದ್ವಿರುದ್ಧ. ಕಂಪನಿಗಳು ಕೆಲಸಗಾರರಿಗೆಂದು ಊರಾಚೆ ಸಾಲು ಸಾಲಾಗಿ ತಂದು ಜೋಡಿಸಿದ ಪೆಟ್ಟಿಗೆಯಂಥ ಕೋಣೆಗಳಿವು. ಒಂದೇ ಕಡೆ ನೂರಾರು ಗಂಡಸರು, ಒಂದೇ ಊಟದ ಹಾಲ್. ಗಣತಿಯ ಪ್ರಕಾರ ಇಂಥ ಕಡೆ ಇರುವವರು ಮನೆಗಳ ಲೆಕ್ಕಕ್ಕೆ ಸೇರುವುದೇ ಇಲ್ಲ, ಹಾಸ್ಟೆಲ್, ಜೈಲು, ವೃದ್ಧಾಶ್ರಮದ ಹಾಗೆ ಬೇರೆ ಗುಂಪು. ಹೀಗಾಗಿ ಅವರ ಸಂಬಳ ಮನೆವಾರು ಮಧ್ಯಾಂಕದಲ್ಲಿ ಕಾಣುವುದಿಲ್ಲ. ತಲಾ ಆದಾಯದಲ್ಲಿ ಮಾತ್ರ ಕಾಣುತ್ತದೆ, ಯಾಕೆಂದರೆ ಅದು ಎಲ್ಲರ ಆದಾಯವನ್ನು ಎಲ್ಲ ತಲೆಗಳಿಂದ ಭಾಗಿಸುವುದು. ಅಲ್ಲೂ ಇನ್ನೊಂದು ತೊಡಕು. ಎರಡು ವಾರ ಇಲ್ಲಿ ದುಡಿದು ಎರಡು ವಾರ ಐಡಾಹೋದ ಮನೆಗೆ ಹೋಗುವವನನ್ನು ಎಲ್ಲಿ ಎಣಿಸಬೇಕು? ವರ್ಷದ ಹೆಚ್ಚು ಪಾಲು ಎಲ್ಲಿ ವಾಸವೋ ಅಲ್ಲಿ ಎನ್ನುತ್ತದೆ ಹತ್ತು ವರ್ಷಕ್ಕೊಮ್ಮೆಯ ಗಣತಿಯ ನಿಯಮ. ಅನೇಕರು ತಮ್ಮ ಕುಟುಂಬ ಇರುವ ಊರಿನಲ್ಲೇ ಹೆಸರು ಬರೆಸಿದರು. ಅವರು ವಿಲ್ಲಿಸ್ಟನ್‌ನ ರಸ್ತೆ ಬಳಸುತ್ತಾರೆ, ನೀರು ಬಳಸುತ್ತಾರೆ, ಆಸ್ಪತ್ರೆಗೆ ಬರುತ್ತಾರೆ. ಜನಸಂಖ್ಯೆಯ ಲೆಕ್ಕದಲ್ಲಿ ಮಾತ್ರ ಇಲ್ಲ. ನಗರಸಭೆ ಚರಂಡಿ ವ್ಯವಸ್ಥೆ ಮಾಡಬೇಕಾದದ್ದು ಗಣತಿಯ ತಲೆಗಳಿಗಲ್ಲ, ನಿಜವಾಗಿ ಇರುವ ತಲೆಗಳಿಗೆ.

ಅಂಕಿ ಬರುವ ದಾರಿಯೂ ಬದಲಾಗಿದೆ. 2000ದವರೆಗೆ ಹತ್ತು ವರ್ಷಕ್ಕೊಮ್ಮೆಯ ಗಣತಿಯಲ್ಲೇ ಆರು ಮನೆಗಳಲ್ಲಿ ಒಂದಕ್ಕೆ ಉದ್ದದ ಅರ್ಜಿ ಕೊಟ್ಟು ಆದಾಯ ಕೇಳುತ್ತಿದ್ದರು. ಆಮೇಲೆ ಅದನ್ನು ನಿಲ್ಲಿಸಿ, ವರ್ಷವಿಡೀ ನಡೆಯುವ ಸ್ಯಾಂಪಲ್ ಸಮೀಕ್ಷೆ ತಂದರು. 65 ಸಾವಿರಕ್ಕಿಂತ ಕಡಿಮೆ ಜನ ಇರುವ ಊರಿಗೆ ಒಂದೇ ವರ್ಷದ ಉತ್ತರಗಳು ಸಾಕಾಗುವುದಿಲ್ಲ ಎಂದು ಐದು ವರ್ಷದ್ದನ್ನು ಒಟ್ಟು ಸೇರಿಸಿ ಒಂದು ಅಂಕಿ ಕೊಡುತ್ತಾರೆ. ನಿಧಾನವಾಗಿ ಬದಲಾಗುವ ಊರಿಗೆ ಇದು ಪರವಾಗಿಲ್ಲ. ವಿಲ್ಲಿಸ್ಟನ್‌ಗೆ? 2012ರ ಮೇನಲ್ಲಿ ರಾಜ್ಯದಲ್ಲಿ 218 ರಿಗ್‌ಗಳು, ಅಂದರೆ ಬಾವಿ ಕೊರೆಯುವ ಯಂತ್ರಗಳು, ಕೆಲಸ ಮಾಡುತ್ತಿದ್ದವು. 2014ರ ಮಧ್ಯದವರೆಗೂ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಎಣ್ಣೆ 2016ರ ಆರಂಭದಲ್ಲಿ 30 ಡಾಲರ್‌ಗಿಂತ ಕೆಳಗೆ ಬಿತ್ತು. ಆ ವರ್ಷದ ಮೇನಲ್ಲಿ ಉಳಿದ ರಿಗ್‌ಗಳು 27. ಈಗ 2012ರಿಂದ 2016ರವರೆಗಿನ ಒಂದೇ ಅಂಕಿ ಎಂದರೆ ಏರಿದ್ದೂ ಬಿದ್ದದ್ದೂ ಒಂದರಲ್ಲೇ ಕಲಸಿಹೋಗಿರುತ್ತದೆ. ಜೊತೆಗೆ ಸಣ್ಣ ಊರಿನ ಸ್ಯಾಂಪಲ್ ಸಣ್ಣದು, ಅಂಕಿ ಎಷ್ಟು ಆಚೀಚೆ ಆಗಬಹುದು ಎಂದು ಪಕ್ಕದಲ್ಲಿ ಕೊಡುವ ಅಂದಾಜೇ ಸಾವಿರಾರು ಡಾಲರ್ ಇರುತ್ತದೆ. ಪತ್ರಿಕೆಯ ತಲೆಬರಹಕ್ಕೆ ಆ ಪಕ್ಕದ ಅಂಕಿ ಬರುವುದೇ ಇಲ್ಲ.

ಹಾಗಾದರೆ ನಿಜವಾಗಿ ಶ್ರೀಮಂತರಾದವರು ಯಾರು? ಇದಕ್ಕೆ ಉತ್ತರ ಜಮೀನಿನ ಪತ್ರಗಳಲ್ಲಿದೆ. ಅಮೆರಿಕದಲ್ಲಿ ಹೊಲದ ಮೇಲ್ಮೈ ಒಬ್ಬರದ್ದು, ಅದರಡಿಯ ಖನಿಜ ಇನ್ನೊಬ್ಬರದ್ದು ಆಗಬಹುದು. ಜಮೀನು ಮಾರುವಾಗ ಖನಿಜದ ಹಕ್ಕು ತಮ್ಮಲ್ಲೇ ಇಟ್ಟುಕೊಂಡವರಿದ್ದಾರೆ. 1930ರ ದಶಕದ ಬರಗಾಲ, ಆರ್ಥಿಕ ಕುಸಿತದ ಕಾಲದಲ್ಲಿ ಸಾಲಕ್ಕೆ ಬ್ಯಾಂಕಿನ ಪಾಲಾದ ಹೊಲಗಳನ್ನು ಮತ್ತೆ ಮಾರುವಾಗ ಬ್ಯಾಂಕುಗಳೂ ಖನಿಜದ ಒಂದು ಪಾಲು ಇಟ್ಟುಕೊಂಡಿದ್ದವು.

ಹಕ್ಕು ಇದ್ದವರಿಗೆ ಬಂದದ್ದು ಎಷ್ಟು ಎಂದು ಒಂದು ಲೆಕ್ಕ ಹಾಕೋಣ. ಬಾಕನ್‌ನಲ್ಲಿ ಒಂದು ಬಾವಿಗೆ ಸಾಮಾನ್ಯವಾಗಿ 1,280 ಎಕರೆಯ ಪ್ರದೇಶ ಗುರುತಿಸುತ್ತಾರೆ. ಅದರಲ್ಲಿ ಒಬ್ಬರ ಪಾಲು 160 ಎಕರೆ, ಅಂದರೆ ಎಂಟನೇ ಒಂದು. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಒಂದು ಕುಟುಂಬಕ್ಕೆ ಸಿಗುತ್ತಿದ್ದ ಜಮೀನೂ ಇಷ್ಟೇ. ರಾಯಲ್ಟಿ, ಅಂದರೆ ಎಣ್ಣೆ ಮಾರಿದ ಹಣದಲ್ಲಿ ಕಂಪನಿ ಹಕ್ಕುದಾರರಿಗೆ ಕೊಡುವ ಪಾಲು, ನೂರಕ್ಕೆ 16 ಎಂದು ಒಪ್ಪಂದ ಎನ್ನಿ. ಎಂಟನೇ ಒಂದರಲ್ಲಿ 16 ಎಂದರೆ ಇಡೀ ಬಾವಿಯ ಎಣ್ಣೆಯಲ್ಲಿ ನೂರಕ್ಕೆ 2. ಬಾವಿ ಮೊದಲು ದಿನಕ್ಕೆ 500 ಬ್ಯಾರೆಲ್ ಕೊಟ್ಟು, ಬೆಲೆ 90 ಡಾಲರ್ ಇದ್ದರೆ ತಿಂಗಳಿಗೆ ಸುಮಾರು 13 ಲಕ್ಷ 50 ಸಾವಿರ ಡಾಲರ್ ಎಣ್ಣೆ. ನೂರಕ್ಕೆ 2 ಎಂದರೆ 27 ಸಾವಿರ ಡಾಲರ್, ತೆರಿಗೆಗೆ ಮುಂಚೆ, ಪ್ರತಿ ತಿಂಗಳು. ಇಂಥ ಬಾವಿ ಒಂದು ವರ್ಷದಲ್ಲೇ ಮೂರನೇ ಒಂದಕ್ಕೆ ಇಳಿಯುವುದು ಸಾಮಾನ್ಯ. ಆಮೇಲೂ ತಿಂಗಳಿಗೆ 9 ಸಾವಿರ ಬಂತೆನ್ನಿ.

ಅದೇ 160 ಎಕರೆಯ ಹಕ್ಕು ಮೂರು ತಲೆಮಾರು ದಾಟಿ ಎಂಟು ಮೊಮ್ಮಕ್ಕಳಿಗೆ ಹಂಚಿಹೋಗಿದ್ದರೆ? ಅವರಲ್ಲಿ ಏಳು ಜನ ಯಾವಾಗಲೋ ಊರು ಬಿಟ್ಟು ಮಿನಿಯಾಪೊಲಿಸ್‌ನಲ್ಲೋ ಸಿಯಾಟಲ್‌ನಲ್ಲೋ ಇದ್ದಾರೆ. ರಾಯಲ್ಟಿ ಚೆಕ್ ಅವರ ವಿಳಾಸಕ್ಕೆ ಹೋಗುತ್ತದೆ, ಆ ಆದಾಯ ಆ ಊರುಗಳ ಲೆಕ್ಕಕ್ಕೆ ಸೇರುತ್ತದೆ. ವಿಲ್ಲಿಸ್ಟನ್‌ನಲ್ಲಿ ಲಾರಿಗಳ ಧೂಳು ಉಳಿಯುತ್ತದೆ.

ಹಕ್ಕು ಇಲ್ಲದವರ ಸ್ಥಿತಿಯನ್ನು ಬಾಡಿಗೆ ಹೇಳುತ್ತದೆ. 2014ರಲ್ಲಿ ಬಾಡಿಗೆ ಮನೆಗಳ ಒಂದು ಜಾಲತಾಣ ದೇಶದ ಊರುಗಳನ್ನು ಹೋಲಿಸಿದಾಗ ವಿಲ್ಲಿಸ್ಟನ್ ಎಲ್ಲರಿಗಿಂತ ಮೇಲೆ ಬಂತು. 700 ಚದರ ಅಡಿಯ, ಒಂದು ಬೆಡ್‌ರೂಮಿನ ಮನೆಗೆ ತಿಂಗಳಿಗೆ 2,400 ಡಾಲರ್ ಹತ್ತಿರ. ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗಿಂತ ದುಬಾರಿ. ವರ್ಷಕ್ಕೆ 30 ಸಾವಿರ ಡಾಲರ್ ಬರುವ ಮನೆಗೆ ತಿಂಗಳಿಗೆ ಸಿಗುವುದು 2,500. ಬಾಡಿಗೆ ಕೊಟ್ಟ ಮೇಲೆ ಉಳಿಯುವುದು ನೂರು ಡಾಲರ್. ಆದಾಯದಲ್ಲಿ ನೂರಕ್ಕೆ 30ಕ್ಕಿಂತ ಜಾಸ್ತಿ ಬಾಡಿಗೆಗೆ ಹೋದರೆ ಅದು ಹೊರಲಾರದ ಹೊರೆ ಎಂದು ಅಮೆರಿಕದ ವಸತಿ ಇಲಾಖೆಯೇ ಹೇಳುತ್ತದೆ. ಇಲ್ಲಿ ಅದು 96. ನಿವೃತ್ತಿ ಹಣದಲ್ಲಿ ಬದುಕುವ, ಸ್ವಂತ ಮನೆ ಇಲ್ಲದ ಹಿರಿಯರಿಗೆ ಊರು ಬಿಡುವುದೊಂದೇ ದಾರಿಯಾಯಿತು. ಶಾಲೆಯ ಮೇಷ್ಟ್ರು, ಪೊಲೀಸರು ಸಿಗುವುದು ಕಷ್ಟವಾಯಿತು, ಬಂದರೂ ಇರಲು ಮನೆ ಇಲ್ಲ. ಎಣ್ಣೆ ಕೊರೆಯುವವನಿಗೂ ಪಾಠ ಹೇಳುವವರಿಗೂ ಬಾಡಿಗೆ ಒಂದೇ, ಸಂಬಳ ಒಂದೇ ಅಲ್ಲ. ನನಗೆ ಇಡೀ ಕತೆಯಲ್ಲಿ ತುಂಬ ನೋವು ತರುವ ಭಾಗ ಇದು. ಊರಿನ ಕಷ್ಟಕಾಲದಲ್ಲೂ ಬಿಟ್ಟು ಹೋಗದೆ ಉಳಿದವರನ್ನು ಒಳ್ಳೆಯ ಕಾಲ ಹೊರಗೆ ಹಾಕಿತು.

ಬಂದವರು ಯಾರು? ಮೊದಲ ಅಲೆಯಲ್ಲಿ ಬಹುತೇಕ ಇಪ್ಪತ್ತರಿಂದ ನಲವತ್ತೈದರೊಳಗಿನ ಗಂಡಸರು. 2000ದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಬಿಳಿಯರಿದ್ದ ಊರಿಗೆ ಟೆಕ್ಸಾಸ್‌ನ ಸ್ಪ್ಯಾನಿಷ್ ಮಾತಿನ ಕುಟುಂಬಗಳು, ದಕ್ಷಿಣದ ರಾಜ್ಯಗಳ ಕಪ್ಪು ಜನ, ಆಫ್ರಿಕಾದ ದೇಶಗಳಿಂದ ಬಂದವರು ಸೇರಿದರು. ಕೆಲವು ವರ್ಷ ಕಳೆದ ಮೇಲೆ ಹೆಂಡತಿ ಮಕ್ಕಳೂ ಬಂದರು. ನಗರಸಭೆ ಮ್ಯಾನ್ ಕ್ಯಾಂಪ್‌ಗಳನ್ನು ಮುಚ್ಚಿಸತೊಡಗಿತು. 2016ರಲ್ಲಿ ಹೊಸ ಹೈಸ್ಕೂಲ್ ಕಟ್ಟಡ ತೆರೆಯಿತು, 2019ರಲ್ಲಿ ಹೊಸ ವಿಮಾನ ನಿಲ್ದಾಣ. ಪಕ್ಕದ ಮೆಕೆಂಜಿ ಕೌಂಟಿಯಲ್ಲಂತೂ 2010ರಲ್ಲಿ 6,360 ಇದ್ದ ಜನ 2020ಕ್ಕೆ 14,704 ಆದರು. ಆ ದಶಕದಲ್ಲಿ ದೇಶದಲ್ಲೇ ಅತಿ ವೇಗವಾಗಿ ಬೆಳೆದ ಕೌಂಟಿ ಅದು.

ಬೆಲೆ ಬಿದ್ದಾಗ ಎಲ್ಲ ಖಾಲಿಯಾಗುತ್ತದೆ, 1980ರ ದಶಕದ ಹಾಗೇ ಆಗುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದರು. ಬಾಡಿಗೆ ಧಡ್ ಅಂತ ಬಿತ್ತು. ಅಂದಾಜು ಜನಸಂಖ್ಯೆಯೂ 2016ರಲ್ಲಿ ಸ್ವಲ್ಪ ಇಳಿಯಿತು. ಆದರೆ ಊರು ಹಳೆಯ ಗಾತ್ರಕ್ಕೆ ಮರಳಲಿಲ್ಲ. ರಿಗ್‌ಗಳು 218ರಿಂದ 27ಕ್ಕೆ ಇಳಿದರೂ ಎಣ್ಣೆ ದಿನಕ್ಕೆ 10 ಲಕ್ಷ ಬ್ಯಾರೆಲ್ ಆಸುಪಾಸಿನಲ್ಲೇ ಇತ್ತು. ಬಾವಿ ಕೊರೆಯಲು, ಬಂಡೆ ಒಡೆಯಲು ನೂರಾರು ಜನ ಬೇಕು. ಕೊರೆದಾದ ಬಾವಿಯನ್ನು ನೋಡಿಕೊಳ್ಳಲು ಕೆಲವರೇ ಸಾಕು, ಆದರೆ ಆ ಕೆಲಸ ವರ್ಷಗಟ್ಟಲೆ ಇರುತ್ತದೆ. ಎರಡು ವಾರಕ್ಕೊಮ್ಮೆ ಓಡಾಡುವವರು ಹೋದರು, ಮಕ್ಕಳನ್ನು ಶಾಲೆಗೆ ಸೇರಿಸಿದವರು ಉಳಿದರು. 2020ರ ಏಪ್ರಿಲ್ 20ರಂದು ಅಮೆರಿಕದ ಎಣ್ಣೆಯ ವಾಯಿದಾ ಬೆಲೆ ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರ್‌ಗೆ ಕುಸಿಯಿತು. ಅದೇ ಏಪ್ರಿಲ್ ಗಣತಿಯ ತಿಂಗಳು. ಆಗಲೂ ಎಣಿಕೆಗೆ ಸಿಕ್ಕವರು 29,160.

ಇಂಥ ಊರಿನ ಅಂಕಿ ಕೈಗೆ ಬಂದರೆ ಮಧ್ಯಾಂಕದ ಪಕ್ಕದಲ್ಲಿ ಇನ್ನೂ ಎರಡು ಮೂರು ಪಟ್ಟಿ ತೆಗೆದು ನೋಡುವುದು ಒಳ್ಳೆಯದು, ಎಲ್ಲವೂ ಅಮೆರಿಕದ ಗಣತಿ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಮನೆಯ ಯಜಮಾನರ ವಯಸ್ಸಿನ ಪ್ರಕಾರ ಆದಾಯ ಕೊಡುವ ಪಟ್ಟಿ ಇದೆ. ಅದರಲ್ಲಿ 65 ದಾಟಿದವರ ಸಾಲು ನೋಡಿದರೆ ಹಳಬರ ಪಾಡು ಒಂದಿಷ್ಟು ಗೊತ್ತಾಗುತ್ತದೆ. ಬಾಡಿಗೆಗೆ ಆದಾಯದ ಎಷ್ಟು ಪಾಲು ಹೋಗುತ್ತದೆ ಎಂಬ ಪಟ್ಟಿ ಇನ್ನೊಂದು. ಮೂರನೆಯದು, ಒಂದು ವರ್ಷದ ಹಿಂದೆ ನೀವು ಎಲ್ಲಿದ್ದಿರಿ ಎಂಬ ಪ್ರಶ್ನೆಗೆ ಬಂದ ಉತ್ತರ. ಅದೇ ಮನೆಯಲ್ಲಿದ್ದವರ ಆದಾಯವನ್ನೂ ಬೇರೆ ರಾಜ್ಯದಿಂದ ಬಂದವರ ಆದಾಯವನ್ನೂ ಅಲ್ಲಿ ಬೇರೆ ಬೇರೆ ಕೊಟ್ಟಿರುತ್ತಾರೆ. ಹೊರಟುಹೋದವರು ಊರಿನ ಈ ಪಟ್ಟಿಯಲ್ಲಿ ಇರುವುದಿಲ್ಲ. ಅವರು ಈಗ ಬೇರೆ ಯಾವುದೋ ಊರಿನ ಅಂಕಿಯೊಳಗೆ, ಆ ಊರಿನ ಮಧ್ಯಾಂಕವನ್ನು ಸ್ವಲ್ಪ ಕೆಳಕ್ಕೆ ಎಳೆಯುತ್ತಾ ಇರುತ್ತಾರೆ.